ಹದಿನಾಲ್ಕು ಮೀಟರು

ಹೋದ ವಾರ ಬೇಗೂರು ರಸ್ತೆಯಲ್ಲಿ ನಾನು ಕೂತಿದ್ದ ಆಟೊ ನಿಂತುಬಿಟ್ಟಿತು. ಮುಂದೆ ಜೆಸಿಬಿಯೊಂದು ರಾಜಕಾಲುವೆಯ ಹೂಳೆತ್ತಿ ರಸ್ತೆ ಪಕ್ಕಕ್ಕೆ ಸುರಿಯುತ್ತಿತ್ತು. ಕಪ್ಪು ಹೂಳು, ಅದರೊಳಗೆ ಪ್ಲಾಸ್ಟಿಕ್ಕು, ಒಂಟಿ ಚಪ್ಪಲಿ, ಹರಿದ ದಿಂಬು. ಆಟೊದವನು ಕರ್ಚೀಫು ಕಟ್ಟಿಕೊಂಡು, “ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಮೇಡಂ, ಈಗ ಬಿಡ್ತಾನೆ” ಅಂದ. ನಾನು ಮೂಗು ಮುಚ್ಚಿಕೊಳ್ಳಲಿಲ್ಲ. ಆ ವಾಸನೆ ನನಗೆ ಗೊತ್ತಿತ್ತು. ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲದಲ್ಲಿ ಅದು ನನ್ನ ಬಟ್ಟೆ, ಕೂದಲು, ಉಗುರಿನ ಸಂದಿಗಳಲ್ಲೆಲ್ಲ ಸೇರಿಕೊಂಡಿತ್ತು. ಮೂರು ಸಲ ಸೋಪು ಹಾಕಿ ಉಜ್ಜಿದರೂ ಬಿಟ್ಟಿರಲಿಲ್ಲ.

ನಾನು ಆಗಷ್ಟೇ ಬಾಗಲಕೋಟೆ ಕಡೆಯಿಂದ ಬಂದು ಬಿಟಿಎಂನಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ರೂಮು ಹಿಡಿದಿದ್ದೆ. ಕೆಲಸ ಜೆಪಿ ನಗರದಲ್ಲಿ. ಜೆರಾಕ್ಸ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಎರಡು ಕೋಣೆಯ ಆಫೀಸು. ನಕ್ಷೆ ಮಾಡಿಕೊಡುವುದು ಅದರ ಕಸುಬು. ಮಾಲೀಕರು ಸತೀಶ್ ಸರ್. ಮಾತು ಕಮ್ಮಿ, ಕಾಫಿ ಜಾಸ್ತಿ. ನಾನು ಸೇರಿದ ಎರಡನೇ ತಿಂಗಳಿಗೇ ಒಂದು ಕೆಲಸ ಒಪ್ಪಿಸಿದರು. ಬಿಳೇಕಹಳ್ಳಿಯ ಆಚೆಯಿಂದ ಬೇಗೂರಿನ ಕಡೆಗೆ ಇರುವ ಬಡಾವಣೆಗಳ ನಿವಾಸಿಗಳೆಲ್ಲ ಸೇರಿ ಒಂದು ಸಂಘ ಮಾಡಿಕೊಂಡಿದ್ದರು. ಪ್ರತಿ ಮಳೆಗೂ ಅವರ ಬೀದಿಗಳಿಗೆ ನೀರು ನುಗ್ಗುತ್ತಿತ್ತು. ಮಳೆನೀರಿನ ಕಾಲುವೆ ಎಲ್ಲೆಲ್ಲಿ ಕಟ್ಟಿಕೊಂಡಿದೆ, ಎಲ್ಲೆಲ್ಲಿ ಅದರ ಗೋಡೆ ಬಿರುಕು ಬಿಟ್ಟಿದೆ ಎಂದು ನಡೆದು ನೋಡಿ ನಕ್ಷೆ ಮಾಡಿಕೊಡಬೇಕು. ಅದನ್ನು ಹಿಡಿದುಕೊಂಡು ಅವರು ಅಧಿಕಾರಿಗಳ ಹತ್ತಿರ ಹೋಗುತ್ತಾರೆ.

ಸತೀಶ್ ಸರ್ ನನ್ನ ಕೈಗೆ ಒಂದು ಜಿಪಿಎಸ್ ಕೊಟ್ಟರು. ಹಳೇ ಕಾಲದ ಮೊಬೈಲಿನಂತೆ ದಪ್ಪಗೆ, ಮೇಲೊಂದು ಮೂಗಿನಂಥ ಆಂಟೆನಾ. “ಫೋನಲ್ಲೇ ಎಲ್ಲ ಬರತ್ತಲ್ರಿ ಸರ್” ಅಂದೆ.

“ಫೋನು ರೋಡ್ ತೋರ್ಸತ್ತೆ, ಹೋಟ್ಲು ತೋರ್ಸತ್ತೆ. ಕಾಲುವೆ ಎಲ್ಲಿ ಸರಿಯಾಗಿ ತೋರ್ಸತ್ತೆ ಹೇಳಮ್ಮ? ನಮ್ಮ ಹತ್ರ ಈ ಬೇಸಿಗೇಲಿ ತೆಗೆದ ಸ್ಯಾಟಲೈಟ್ ಫೋಟೊ ಇದೆ. ಅದನ್ನ ಇದ್ರೊಳಗೆ ಹಾಕು. ಆಮೇಲೆ ನೆಟ್‌ವರ್ಕ್ ಇರ್ಲಿ ಬಿಡ್ಲಿ, ನೀನೆಲ್ಲಿ ನಿಂತಿದೀಯ ಅಂತ ಫೋಟೊ ಮೇಲೇ ಕಾಣ್ಸತ್ತೆ.”

ಹಾಕುವುದು ಕಷ್ಟವಿರಲಿಲ್ಲ. ಅಷ್ಟು ದೊಡ್ಡ ಚಿತ್ರವನ್ನು ಆ ಪುಟ್ಟ ಯಂತ್ರ ಒಮ್ಮೆಗೇ ನುಂಗುವುದಿಲ್ಲ. ಚೌಕ ಚೌಕವಾಗಿ ಕತ್ತರಿಸಿ, ಕೇಬಲ್ಲು ಸಿಕ್ಕಿಸಿ, ಒಂದೊಂದಾಗಿ ತುಂಬಬೇಕು. ಮಧ್ಯಾಹ್ನದೊಳಗೆ ಮುಗಿಸಿದೆ. ಹೆಮ್ಮೆಯಿಂದ ಬನ್ನೇರುಘಟ್ಟ ರಸ್ತೆಗೆ ಇಳಿದು ಪರದೆ ನೋಡಿದರೆ ನನ್ನ ಗುರುತಿನ ಬಾಣ ಯಾರದೋ ಮನೆಯ ಟೆರೇಸಿನ ಮೇಲಿತ್ತು. ನಾನು ಫುಟ್‌ಪಾತಿನಲ್ಲಿ ಹತ್ತು ಹೆಜ್ಜೆ ನಡೆದರೆ ಬಾಣ ಅವರ ಟೆರೇಸಿನಿಂದ ಪಕ್ಕದವರ ಟೆರೇಸಿಗೆ ಹಾರಿತು.

ಫೋಟೊ ಯಂತ್ರದೊಳಗೆ ಹೋದರೆ ಸಾಲದು, ಭೂಮಿಯ ಮೇಲೆ ತನ್ನ ಜಾಗದಲ್ಲಿ ಕೂರಬೇಕು ಎಂದು ಆವತ್ತು ತಿಳಿಯಿತು. ಅದಕ್ಕೆ ದಾರಿ ಒಂದೇ. ಆಕಾಶದ ಫೋಟೊದಲ್ಲೂ ಕಾಣುವ, ನೆಲದ ಮೇಲೂ ಸಿಗುವ ಗುರುತುಗಳನ್ನು ಹುಡುಕಬೇಕು. ಅಲ್ಲಿಗೆ ಹೋಗಿ ನಿಂತು, ಯಂತ್ರ ತೋರಿಸುವ ಅಂಕಿಗಳನ್ನು ಬರೆದುಕೊಂಡು ಬಂದು, ಫೋಟೊದಲ್ಲಿನ ಅದೇ ಚುಕ್ಕಿಗೆ ಆ ಅಂಕಿಗಳನ್ನು ಕಟ್ಟಬೇಕು. ಹಾಸಿಗೆಯ ನಾಲ್ಕು ಮೂಲೆಗೂ ಚಾದರ ಎಳೆದು ಸಿಕ್ಕಿಸಿದ ಹಾಗೆ. ಒಂದು ಮೂಲೆ ತಪ್ಪಾಗಿ ಎಳೆದರೆ ಆ ಕಡೆಯಲ್ಲಿ ಇಡೀ ಚಿತ್ರ ಸೊಟ್ಟಗಾಗುತ್ತದೆ.

“ನೆಲದ ಮೇಲಿರೋ ಗುರುತೇ ಹಿಡೀಬೇಕು” ಎಂದು ಸತೀಶ್ ಸರ್ ಎರಡು ಸಲ ಹೇಳಿದರು. “ಮರ ಬೇಡ, ನೆರಳು ಬೇಡ. ಎತ್ತರದ ಕಟ್ಟಡದ ತುದಿಯಂತೂ ಬೇಡವೇ ಬೇಡ. ಸ್ಯಾಟಲೈಟು ಓರೆಯಾಗಿ ನೋಡಿರತ್ತೆ, ಫೋಟೊದಲ್ಲಿ ಬಿಲ್ಡಿಂಗ್ ವಾಲಿರತ್ತೆ.”

ಹಾಗೆ ಏಪ್ರಿಲ್ ಬಿಸಿಲಿನಲ್ಲಿ ನಾನು ಬೀದಿ ಬೀದಿ ನಿಲ್ಲತೊಡಗಿದೆ. ತಲೆಗೆ ದುಪಟ್ಟ ಸುತ್ತಿಕೊಂಡು, ಕೈಯಲ್ಲಿ ಯಂತ್ರ ಹಿಡಿದು, ರಸ್ತೆ ಕೂಡುವ ಕಡೆ, ಕಾಂಪೌಂಡಿನ ಮೂಲೆಯಲ್ಲಿ ಸುಮ್ಮನೆ ನಿಂತ ಹೆಂಗಸನ್ನು ಕಂಡರೆ ಜನಕ್ಕೆ ಏನೇನೋ ಅನುಮಾನ. ಮುನಿಯಪ್ಪನವರು ಪರಿಚಯವಾಗಿದ್ದೂ ಅನುಮಾನದಿಂದಲೇ. ಅರವತ್ತೈದು ದಾಟಿದವರು. ಒಂದು ಕಾಲಕ್ಕೆ ಅಲ್ಲಿ ರಾಗಿ ಬೆಳೆಯುತ್ತಿದ್ದವರು, ಈಗ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದರು, ಮೇಲೆ ಐದು ಬಾಡಿಗೆ ಮನೆ. ಅಂಗಡಿಯಿಂದ ನೇರ ನನ್ನ ಹತ್ತಿರ ಬಂದು ನಿಂತರು.

“ಏನಮ್ಮ, ಯಾರ ಜಾಗ ಅಳೀತಿದ್ದೀರ?”

“ಜಾಗ ಅಳ್ಯಾಕತ್ತಿಲ್ರಿ. ಫೋಟೊ ಸರಿ ಮಾಡಾಕತ್ತೀನ್ರಿ” ಅಂದೆ.

ಅವರು ನನ್ನನ್ನೂ ಯಂತ್ರವನ್ನೂ ನೋಡಿದರು. “ಯಾವೂರು ನಿಮ್ದು?”

ಹೇಳಿದೆ. ಪರದೆ ತೋರಿಸಿದೆ. ಮೇಲಿನಿಂದ ಕಂಡ ತಮ್ಮ ಊರನ್ನು ಅವರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಬೆರಳಿಟ್ಟು, “ಇದು ನಮ್ಮ ಹೊಲ ಕಣಮ್ಮ. ಈಗ ಸೈಟುಗಳು. ಇನ್ನೂ ಯಾರೂ ಮನೆ ಕಟ್ಟಿಲ್ಲ” ಅಂದರು. ಕಾಲುವೆಯ ಗೆರೆ ನೋಡಿ, “ಹಿಂದೆ ಇದು ಹೀಗಿರ್ಲಿಲ್ಲ. ಬಡಾವಣೆ ಮಾಡ್ವಾಗ ತಿರುಗ್ಸಿದ್ರು. ಹಳೇದಾದ್ರೆ ನಂಗೆ ಕಣ್ಮುಚ್ಕೊಂಡು ಗೊತ್ತು, ಇದು ಅಷ್ಟು ಗೊತ್ತಿಲ್ಲ” ಅಂದರು.

ಅಂದಿನಿಂದ ಅವರೇ ನನಗೆ ಗುರುತು ಹುಡುಕಿಕೊಡತೊಡಗಿದರು. ಹಳೆಯ ಬಾವಿಯ ಮೇಲೆ ಹಾಕಿದ ಕಾಂಕ್ರೀಟ್ ಚಪ್ಪಡಿ, ಶಾಲೆಯ ಧ್ವಜದ ಕಟ್ಟೆ. ಮೂರು ಮೂಲೆ ಚೆನ್ನಾಗಿ ಕೂತವು. ನಾಲ್ಕನೆಯದು ಉಳಿಯಿತು, ಆಗ್ನೇಯದ್ದು, ತಗ್ಗಿನ ಕಡೆಯದು. “ಅಲ್ಲಿ ಮೇನ್ ರೋಡ್ ತಿರುಗೋ ಕಡೆ ಒಂದು ಮೋರಿ ಇದೆ, ಕಾಲುವೆ ಅದ್ರ ಕೆಳಗೇ ಹೋಗತ್ತೆ. ಅದ್ರ ಕಟ್ಟೆ ಮೇಲೆ ನಿಂತ್ಕೊಳ್ಳಿ. ಕಲ್ಲಿಂದು, ಗಟ್ಟಿ, ಫೋಟೊದಲ್ಲೂ ಬೆಳ್ಳಗೆ ಕಾಣ್ತಿದೆ ನೋಡಿ” ಎಂದು ಮುನಿಯಪ್ಪ ತೋರಿಸಿದರು.

ನಾನು ಹೋಗಲಿಲ್ಲ.

ಕಾರಣ ಹೇಳಿದರೆ ಈಗ ಸಣ್ಣದೆನಿಸುತ್ತದೆ. ಹೊಸ ಶೂ ಕಡಿದು ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಮಾರನೇ ದಿನವೇ ನಕ್ಷೆ ಕೊಡಬೇಕಿತ್ತು. ಮೋರಿಗೆ ಇನ್ನೂ ಒಂದು ಕಿಲೋಮೀಟರು, ಬಸ್ಸಿಲ್ಲ. ನಾನು ನಿಂತಿದ್ದ ಕಡೆಯೇ ಎಂಟು ಮಹಡಿಯ ಅಪಾರ್ಟ್‌ಮೆಂಟೊಂದಿತ್ತು. ಫೋಟೊದಲ್ಲಿ ಅದರ ನೀರಿನ ಟ್ಯಾಂಕು ಸ್ಪಷ್ಟವಾಗಿ ಕಾಣುತ್ತಿತ್ತು. ಗೇಟಿನ ಹತ್ತಿರ ನಿಂತು ಅಂಕಿ ಬರೆದುಕೊಂಡೆ, ಆಫೀಸಿಗೆ ಬಂದು ಟ್ಯಾಂಕಿಗೆ ಕಟ್ಟಿದೆ. ಬೇಡವೇ ಬೇಡ ಎಂದು ಹೇಳಿದ್ದನ್ನೇ ಮಾಡಿದೆ. ಸತೀಶ್ ಸರ್ “ನಾಲ್ಕೂ ಆಯ್ತಾ?” ಎಂದು ಕೇಳಿದರು. “ಆಯ್ತ್ರಿ ಸರ್” ಅಂದೆ. ಅವರು ಸಹಿ ಹಾಕಿದರು. ಸಂಘದವರು ನಕ್ಷೆಗೆ ಫ್ರೇಮು ಹಾಕಿಸಿ ತಮ್ಮ ಆಫೀಸಿನಲ್ಲಿ ತೂಗುಹಾಕಿದರಂತೆ.

ಜೂನಿನಲ್ಲಿ ಮಳೆ ಅಷ್ಟಾಗಿ ಬರಲಿಲ್ಲ. ಜುಲೈ ಹಾಗೇ ಹೋಯಿತು. ಆ ಮೂಲೆ ಆಗಾಗ ನೆನಪಿಗೆ ಬರುತ್ತಿತ್ತು, ಊಟದ ಹೊತ್ತಿನಲ್ಲೋ ಬಸ್ಸಿನಲ್ಲಿ ನಿಂತಾಗಲೋ. ಬಂದ ಹಾಗೇ ಹೋಗುತ್ತಿತ್ತು. ಕಾಲುವೆಯ ಬಿರುಕೊಂದು ಹತ್ತಡಿ ಆಚೆ ಈಚೆ ಆದರೆ ಯಾರಿಗೆ ಏನಾಗುತ್ತದೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಆಮೇಲೆ ಒಂದು ಶನಿವಾರ ಸಂಜೆ ಶುರುವಾದ ಮಳೆ ಭಾನುವಾರ ಬೆಳಗಾದರೂ ನಿಲ್ಲಲಿಲ್ಲ. ಏಳು ಗಂಟೆಗೆ ಮುನಿಯಪ್ಪನವರ ಫೋನು.

“ಮೇಡಂ, ಆ ಮಿಷನ್ ನಿಮ್ಹತ್ರ ಇದ್ಯಾ? ತಗೊಂಡು ಬರಕ್ಕಾಗತ್ತಾ? ಇಲ್ಲಿ ಕೆರೆ ಆಗ್ಬಿಟ್ಟಿದೆ. ರೋಡ್ ಯಾವ್ದು, ಕಾಲುವೆ ಯಾವ್ದು ಒಂದೂ ಗೊತ್ತಾಗ್ತಿಲ್ಲ. ಒಳಗಡೆ ಒಬ್ಬರು ಪೇಶಂಟ್ ಸಿಕ್ಕಾಕೊಂಡವ್ರೆ.”

ಯಂತ್ರ ನನ್ನ ಬ್ಯಾಗಿನಲ್ಲೇ ಇತ್ತು. ಸೋಮವಾರ ಇನ್ನೊಂದು ಕಡೆ ಕೆಲಸವಿತ್ತು. ಮೂರು ಆಟೊದವರು ಬರುವುದಿಲ್ಲ ಅಂದರು. ನಾಲ್ಕನೆಯವನು ಅರ್ಧ ದಾರಿಗೆ ಬಿಟ್ಟ. ಉಳಿದದ್ದನ್ನು ನಡೆದೆ. ಹೋಗುತ್ತ ಹೋಗುತ್ತ ಎದೆಯಲ್ಲಿ ಒಂದೇ ಪ್ರಶ್ನೆ: ಯಾವ ಮೂಲೆ? ಮುನಿಯಪ್ಪ ಮುಖ್ಯರಸ್ತೆಯ ಏರಿನ ಮೇಲೆ ಛತ್ರಿ ಹಿಡಿದು ನಿಂತಿದ್ದರು. ಅವರ ಹಿಂದೆ ತಗ್ಗಿನ ಬಡಾವಣೆ ಕಂಡಿತು. ಅದೇ ಮೂಲೆ.

ನೀರು ಎಷ್ಟು ಸಮನಾಗಿ ನಿಂತಿತ್ತೆಂದರೆ ನೋಡಲು ಭಯವೇ ಆಗುತ್ತಿರಲಿಲ್ಲ. ಕೆಂಪಗೆ, ಸಪಾಟಾಗಿ, ಇನ್ನೂರು ಮೀಟರು. ಅದರಾಚೆ ಮನೆಗಳ ಸಾಲು. ನಡುವೆ ಖಾಲಿ ಸೈಟು, ಅದರ ಬದಿಯ ರಸ್ತೆ, ರಸ್ತೆಯ ಬದಿಯ ಕಾಲುವೆ, ಎಲ್ಲ ಒಂದೇ ಹಾಳೆ. ಕಾಲುವೆ ಎರಡಾಳು ಆಳ. ರಾತ್ರಿ ಅದರ ತಡೆಗೋಡೆ ಕುಸಿದು ರಸ್ತೆಯ ಅಂಚನ್ನೂ ಎಳೆದುಕೊಂಡು ಹೋಗಿತ್ತು. ಆ ಕಡೆ ಕರೆಂಟ್ ಕಂಬಗಳೂ ಇಲ್ಲ, ಗುರುತಿಗೆ ಒಂದು ಗಿಡವೂ ಇಲ್ಲ. ಟವರಿಗೆ ಕರೆಂಟಿಲ್ಲದೆ ಫೋನುಗಳು ಅಷ್ಟರಲ್ಲಿ ಸತ್ತಿದ್ದವು.

ಒಳಗೆ ಸಿಕ್ಕಿಕೊಂಡಿದ್ದವರು ಲಲಿತಮ್ಮ, ಐವತ್ತು ದಾಟಿದವರು. ಕಿಡ್ನಿ ಹೋಗಿತ್ತು. ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು. ಶನಿವಾರ ಹೋಗಬೇಕಿದ್ದವರು ಮಳೆ ಬಿಡಲಿ ಎಂದು ಕಾದು ತಪ್ಪಿಸಿಕೊಂಡಿದ್ದರು. ಬೆಳಗಿನ ಹೊತ್ತಿಗೆ ಉಸಿರು ಕಷ್ಟವಾಗತೊಡಗಿದೆ ಎಂದು ಅವರ ಗಂಡ, ಫೋನು ಸಾಯುವ ಮೊದಲು ತಿಳಿಸಿದ್ದರು. ರಕ್ಷಣಾ ತಂಡದ ನಾಲ್ವರು ಬಂದಿದ್ದರು. ರಬ್ಬರ್ ದೋಣಿ ಇನ್ನೊಂದು ಬಡಾವಣೆಗೆ ಹೋಗಿತ್ತು, ಯಾವಾಗ ಬರುತ್ತದೋ ಗೊತ್ತಿಲ್ಲ. ಇವರ ಹತ್ತಿರ ಹಗ್ಗ, ಲೈಫ್ ಜಾಕೆಟ್ಟು, ಬಿದಿರಿನ ಕೋಲು ಮಾತ್ರ.

ತಂಡದ ಹಿರಿಯರು ನನ್ನ ಕೈಯಿಂದ ಯಂತ್ರ ತೆಗೆದುಕೊಂಡು ಪರದೆ ನೋಡಿದರು. ಅವರ ಮುಖ ಅರಳಿತು. “ಸಖತ್ತಾಗಿ ಕಾಣ್ತಿದೆಯಲ್ಲ! ಇದು ಕಾಲುವೆ. ಇದ್ರ ಪಶ್ಚಿಮಕ್ಕೆ ಹತ್ತು ಮೀಟರ್ ಬಿಟ್ಟು ಸೈಟ್ ಒಳಗೇ ಹೋದ್ರೆ ಆಯ್ತು. ಸೊಂಟದ ಮಟ್ಟ ಇರಬಹುದು ಅಷ್ಟೇ. ಹಗ್ಗ ಕಟ್ಕೊಳ್ರಪ್ಪ.”

ಅವರ ಹುಡುಗರು ಹಗ್ಗ ಬಿಚ್ಚತೊಡಗಿದರು. ಸರಿಯಿದ್ದರೂ ಇರಬಹುದು, ಹೆಚ್ಚು ವ್ಯತ್ಯಾಸ ಇರಲಿಕ್ಕಿಲ್ಲ ಎಂದು ಒಳಗೊಂದು ದನಿ. ನಾನು ಸುಮ್ಮನಿದ್ದದ್ದು ಎಷ್ಟು ಹೊತ್ತೋ, ಎರಡು ಗಂಟು ಹಾಕುವಷ್ಟು ಹೊತ್ತು.

“ನಿಲ್ರಿ ಸರ್” ಅಂದೆ. “ಈ ಮೂಲಿ ತಪ್ಪೈತ್ರಿ.”

“ಏನಮ್ಮ?”

“ಫೋಟೊ ಇಲ್ಲಿ ಸರಿಯಾಗಿ ಕುಂತಿಲ್ಲ. ನಾನೇ ತಪ್ಪು ಮಾಡೀನಿ. ಮೋರಿ ಮ್ಯಾಲೆ ನಿಂತು ಮಾಡ್ಬೇಕಿತ್ತು, ಮಾಡಲಿಲ್ಲ. ಎಷ್ಟು ತಪ್ಪೈತಿ ಅಂತ ನನಗೂ ಗೊತ್ತಿಲ್ಲ.”

ಹಗ್ಗ ಕಟ್ಟುತ್ತಿದ್ದವನು ತಲೆ ಎತ್ತಿ ನೋಡಿದ. ಹಿರಿಯರು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಯಂತ್ರವನ್ನು ನನ್ನ ಕೈಗೆ ವಾಪಸ್ಸು ಕೊಟ್ಟು, “ಹಾಗಾದ್ರೆ ಇದರಿಂದ ಏನುಪಯೋಗ?” ಎಂದು ಮಾತ್ರ ಕೇಳಿದರು.

ಮುನಿಯಪ್ಪ ಛತ್ರಿ ಮಡಿಸಿದರು. “ಮೋರಿ ಕಟ್ಟೆ ಇನ್ನೂ ಮುಳುಗಿಲ್ಲ ಮೇಡಂ. ಅಗೋ. ಈಗ ನಿಂತ್ಕೊಂಡ್ರೆ ಗೊತ್ತಾಗಲ್ವಾ?”

ನೂರು ಹೆಜ್ಜೆಯಾಚೆ, ರಸ್ತೆ ತಿರುಗುವ ಕಡೆ, ನೀರಿನಿಂದ ಒಂದಡಿ ಮೇಲೆ ಕಲ್ಲಿನ ಕಟ್ಟೆಯ ತಲೆ ಕಾಣುತ್ತಿತ್ತು. ಕಾಲುವೆ ಅದರ ಕೆಳಗೆ ಹಾದು, ಒಳಗೆಲ್ಲೋ ಬಳುಕಿ, ಮನೆಗಳ ಕಡೆ ತಿರುಗುತ್ತದೆ. ನಾವಿಬ್ಬರೂ ಮೊಳಕಾಲು ನೀರಿನಲ್ಲಿ ಅಲ್ಲಿಗೆ ಹೋದೆವು. ಅವರು ನನ್ನ ಸೊಂಟಕ್ಕೆ ಹಗ್ಗ ಕಟ್ಟಿ ತಾವು ಹಿಡಿದರು. ನಾನು ಕಟ್ಟೆ ಹತ್ತಿ ನಿಂತೆ. ಕಾಲ ಕೆಳಗೆ ನೀರು ಗುಡುಗುಡು ಎನ್ನುತ್ತಿತ್ತು. ಪರದೆಯ ಮೇಲೆ ಮಳೆಹನಿ ಒರೆಸಿ ನೋಡಿದೆ. ಫೋಟೊದಲ್ಲಿ ಮೋರಿಯ ಕಟ್ಟೆ ಬೆಳ್ಳಗೆ ಕಾಣುತ್ತಿತ್ತು, ಆದರೆ ನನ್ನ ಬಾಣ ಅದರ ಮೇಲಿರಲಿಲ್ಲ. ಅದರಿಂದ ಪಶ್ಚಿಮಕ್ಕೆ, ಖಾಲಿ ಸೈಟಿನ ಹುಲ್ಲಿನ ಮೇಲಿತ್ತು. ಅಳೆದೆ. ಹದಿನಾಲ್ಕು ಮೀಟರು.

ಅಂದರೆ ಪರದೆ ಎಲ್ಲಿ ಸೈಟು ಎಂದು ತೋರಿಸುತ್ತಿತ್ತೋ ನಿಜದಲ್ಲಿ ಅಲ್ಲೇ ಕಾಲುವೆ. ಆ ನಾಲ್ವರು ಗಂಟು ಹಾಕಿಕೊಂಡು ನೇರ ಅದರೊಳಗೇ ಇಳಿಯುತ್ತಿದ್ದರು. ನಾನು ಇಳಿಯಲು ತಿರುಗಿದೆ. ಮುನಿಯಪ್ಪ ಹಗ್ಗ ಬಿಗಿ ಹಿಡಿದು, “ನಿಧಾನ, ಕೂತ್ಕೊಂಡು ಇಳೀರಿ” ಅಂದರು.

ವಾಪಸ್ಸು ಬಂದು ಹಿರಿಯರಿಗೆ ಹೇಳಿದೆ. ಈ ಸಲ ಗೊತ್ತಿದ್ದನ್ನೂ ಗೊತ್ತಿಲ್ಲದ್ದನ್ನೂ ಬೇರೆ ಬೇರೆ ಹೇಳಿದೆ. ಫೋಟೊದ ಕಾಲುವೆಯಿಂದ ಪಶ್ಚಿಮಕ್ಕೆ ಹದಿನಾಲ್ಕು ಮೀಟರು ಸರಿದರೆ ನಿಜವಾದ ಕಾಲುವೆ. ಈ ಮಳೆಯಲ್ಲಿ ಯಂತ್ರ ಇನ್ನೂ ಐದಾರು ಮೀಟರು ತಪ್ಪಬಹುದು. ಒಳಗೆ ಹೋದ ಹಾಗೆ ವ್ಯತ್ಯಾಸ ಸ್ವಲ್ಪ ಬದಲಾಗಲೂಬಹುದು. ಆದ್ದರಿಂದ ಇನ್ನೂ ಇಪ್ಪತ್ತು ಮೀಟರು ದೂರ ಇಟ್ಟುಕೊಳ್ಳಬೇಕು. ಹಾಗೆ ಹೋದರೆ ಸೈಟುಗಳ ಒಳಗೆ ಬಹಳ ದೂರ ಸುತ್ತಾಗುತ್ತದೆ.

“ಅಲ್ಲಿ ಗುಂಡಿ ಗಿಂಡಿ ಇದ್ರೆ?” ಎಂದು ಹಿರಿಯರು ಕೇಳಿದರು.

“ಇಲ್ಲ” ಅಂದರು ಮುನಿಯಪ್ಪ. “ಅದು ನಮ್ಮ ಹೊಲ ಸರ್. ಮೂವತ್ತು ವರ್ಷ ಉತ್ತಿದೀನಿ. ಬಾವಿ ಇಲ್ಲ, ಹಳ್ಳ ಇಲ್ಲ. ಮಧ್ಯದಲ್ಲಿ ಒಂದು ಬದು ಇದೆ, ಎಡವ್ತೀರ, ಅಷ್ಟೇ. ನಾನೇ ಮುಂದೆ ಬರ್ತೀನಿ.”

ಅವರನ್ನು ಮುಂದೆ ಬಿಡಲಿಲ್ಲ, ಹಿರಿಯರ ಹಿಂದೆ ನಡೆಸಿದರು. ಅವರ ಹಿಂದೆ ನಾನು, ಲೈಫ್ ಜಾಕೆಟ್ಟು ಹಾಕಿಕೊಂಡು, ಯಂತ್ರವನ್ನು ಗದ್ದದ ಮಟ್ಟಕ್ಕೆ ಎತ್ತಿ ಹಿಡಿದು, “ಇನ್ನೂ ಬಲಕ್ಕ, ಇನ್ನೂ ಬಲಕ್ಕ” ಎನ್ನುತ್ತ. ಕೋಲು ಊರಿ ಊರಿ ಒಂದೊಂದು ಹೆಜ್ಜೆ. ನೀರು ಸೊಂಟಕ್ಕೆ ಬಂತು, ಹೊಟ್ಟೆಗೆ ಬಂತು, ಅಲ್ಲೇ ನಿಂತಿತು. ನಡುವೆ ಹಿರಿಯರು ಎಡವಿದರು. “ಬದು!” ಎಂದು ಮುನಿಯಪ್ಪ ಕೂಗಿದರು, ಆ ಗಳಿಗೆಯಲ್ಲೂ ಅವರ ದನಿಯಲ್ಲೊಂದು ಸಂತೋಷವಿತ್ತು. ಇನ್ನೂರು ಮೀಟರಿಗೆ ನಲವತ್ತು ನಿಮಿಷ ಹಿಡಿಯಿತು.

ಲಲಿತಮ್ಮ ಮೊದಲ ಮಹಡಿಯ ಮೆಟ್ಟಿಲ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಮುಖ ಊದಿತ್ತು. ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ದುಪಟ್ಟದಿಂದ ಕಟ್ಟಿ, ನಾಲ್ವರು ಹೆಗಲಿಗೆ ಎತ್ತಿಕೊಂಡರು. ದುಪಟ್ಟ ನನ್ನದು. ಬಂದ ದಾರಿಯ ಗೆರೆ ಪರದೆಯ ಮೇಲೆ ಮೂಡಿತ್ತು. ಅದನ್ನೇ ಹಿಡಿದು ವಾಪಸ್ಸು ನಡೆದೆವು. ಏರಿನ ಮೇಲೆ ಆಂಬುಲೆನ್ಸ್ ಕಾಯುತ್ತಿತ್ತು. ಬಾಗಿಲು ಹಾಕುವ ಮೊದಲು ಅವರ ಗಂಡ ಕೈ ಮುಗಿದರು, ತಂಡಕ್ಕೆ, ಮುನಿಯಪ್ಪನವರಿಗೆ, ನನಗೂ. ನಾನು ಮುಖ ತಿರುಗಿಸಿಕೊಂಡೆ.

ಸೋಮವಾರ ಸತೀಶ್ ಸರ್ ಎದುರು ನಿಂತು ಎಲ್ಲ ಹೇಳಿದೆ, ಬೊಬ್ಬೆಯಿಂದ ಹಿಡಿದು ಹದಿನಾಲ್ಕು ಮೀಟರಿನವರೆಗೆ. ಕೆಲಸ ಹೋಯಿತೆಂದೇ ಅಂದುಕೊಂಡಿದ್ದೆ. ಅವರು ಕಾಫಿ ಲೋಟ ಕೆಳಗಿಟ್ಟರು.

“ನಾನು ನಾಲ್ಕೂ ಆಯ್ತಾ ಅಂತ ಕೇಳ್ದೆ. ಹೇಗೆ ಮಾಡ್ದೆ ಅಂತ ಕೇಳ್ಲಿಲ್ಲ” ಅಂದರು. “ಸಹಿ ನಂದೂ ಇದೆ.”

ಅಂದೇ ಸಂಘಕ್ಕೆ ಕಾಗದ ಬರೆದರು: ನಕ್ಷೆಯ ಆಗ್ನೇಯ ಭಾಗ ತಪ್ಪಾಗಿದೆ, ದಯವಿಟ್ಟು ಬಳಸಬೇಡಿ, ಸರಿಮಾಡಿ ಕೊಡುತ್ತೇವೆ. ಸಂಘದವರಿಗೆ ಸಿಟ್ಟು ಬಂತು. ಅದನ್ನೇ ಹಿಡಿದು ಅಧಿಕಾರಿಗಳ ಹತ್ತಿರ ಎರಡು ಸಲ ಹೋಗಿ ಬಂದಿದ್ದರು, ಅವಮಾನವಾಯಿತು ಅಂದರು. ಮುಂದಿನ ಕೆಲಸವನ್ನು ಬೇರೆ ಆಫೀಸಿಗೆ ಕೊಟ್ಟರು. ಸತೀಶ್ ಸರ್ ಅದನ್ನು ನನ್ನೆದುರು ಒಮ್ಮೆಯೂ ಆಡಿ ತೋರಿಸಲಿಲ್ಲ. ಆ ಆಫೀಸಿನಲ್ಲಿ ನಾನು ಮುಂದೆ ಮೂರು ವರ್ಷ ಇದ್ದೆ. ಆಗ ಕಲಿತದ್ದು ಒಂದೇ: ತಪ್ಪೇ ಇಲ್ಲದ ನಕ್ಷೆ ಯಾರೂ ಮಾಡಲಾರರು, ಆದರೆ ಎಲ್ಲಿ ಎಷ್ಟು ತಪ್ಪಿರಬಹುದು ಎಂದು ಅದರ ಮೇಲೆಯೇ ಬರೆಯಬಹುದು. ಅಂದಿನಿಂದ ನಾನು ಬರೆಯುತ್ತೇನೆ. ಕೆಲವರಿಗೆ ಅದು ಇಷ್ಟವಾಗುವುದಿಲ್ಲ.

ದಸರಾ ಕಳೆದ ಮೇಲೆ ಆ ಮೂಲೆಯನ್ನು ಮತ್ತೆ ಮಾಡಲು ಹೋದೆ. ಬಿಸಿಲು ಬಂದಿತ್ತು. ಗೋಡೆಗಳ ಮೇಲೆ ನೀರು ನಿಂತಿದ್ದ ಗೆರೆ ನನ್ನ ಹೊಟ್ಟೆಯ ಮಟ್ಟಕ್ಕೆ ಒಂದೇ ಸಮನೆ ಎಳೆದಂತಿತ್ತು. ಒಂದರ ಬದಲು ಹನ್ನೆರಡು ಗುರುತು ಹಿಡಿದೆ, ಒಂದೊಂದರಲ್ಲೂ ಹತ್ತು ನಿಮಿಷ ಯಂತ್ರವನ್ನು ಅಲುಗಾಡಿಸದೆ ಇಟ್ಟು ಸರಾಸರಿ ತೆಗೆದೆ. ಹನ್ನೆರಡನೆಯದು ಲಲಿತಮ್ಮನವರ ಗೇಟಿನ ಮುಂದಿನ ಕಲ್ಲು. ಗೇಟಿನ ಸದ್ದಿಗೆ ಅವರೇ ಹೊರಗೆ ಬಂದರು. ಸಣ್ಣಗಾಗಿದ್ದರು. ನನ್ನ ಗುರುತು ಸಿಗಲು ಸ್ವಲ್ಪ ಹೊತ್ತು ಬೇಕಾಯಿತು.

“ಓ, ದುಪಟ್ಟ!” ಅಂದರು. “ಒಗೆದಿಟ್ಟಿದೀನಿ ಕಣಮ್ಮ. ಕಲೆ ಹೋಗಿಲ್ಲ.”

ನಾನು ಹೇಳಬೇಕಾದದ್ದನ್ನು ಗೇಟಿನಲ್ಲೇ ನಿಂತು ಹೇಳಿಬಿಟ್ಟೆ. ಅವತ್ತು ನಿಮ್ಮನ್ನು ಕರೆತಂದ ಯಂತ್ರದಲ್ಲಿ ನಿಮ್ಮ ಮನೆಯ ಮೂಲೆಯೇ ತಪ್ಪಾಗಿತ್ತು, ತಪ್ಪು ನನ್ನದು, ನಾಲ್ಕು ಜನ ಸಾಯಬಹುದಿತ್ತು, ನೀವೂ. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ಪೂರ್ತಿ ಕೇಳಿದರು.

“ಈಗ ಸರಿ ಮಾಡಕ್ಕೆ ಬಂದ್ರಾ?”

“ಹೂನ್ರಿ.”

“ಎಷ್ಟೊತ್ತು?”

“ಹತ್ತು ನಿಮಿಷ ಅಲ್ಲಾಡದಂಗ ನಿಲ್ಬೇಕ್ರಿ. ಬೆಳಿಗ್ಗಿಂದ ಹಿಡಿದು ಹಿಡಿದು ನನ್ನ ಕೈ ಸೋತೈತಿ, ಸ್ವಲ್ಪ ಸುಧಾರಿಸ್ಕೊಂಡು ಮಾಡ್ತೀನಿ.”

ಅವರು ಎರಡು ಮೆಟ್ಟಿಲು ಇಳಿದು ಬಂದು ಕೈ ಚಾಚಿದರು. ತೋಳಿನ ಮೇಲೆ ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ಜಾಗ ಕಾಣುತ್ತಿತ್ತು.

“ಕೊಡಿ ಇಲ್ಲಿ. ವಾರಕ್ಕೆ ಎರಡು ಸಲ ನಾಲ್ಕು ನಾಲ್ಕು ಗಂಟೆ ಅಲ್ಲಾಡದೆ ಮಲಗ್ತೀನಿ. ಹತ್ತು ನಿಮಿಷ ಏನ್ ಮಹಾ?”

ಯಂತ್ರ ಕೊಟ್ಟೆ. ಎಲ್ಲಿ ನಿಲ್ಲಬೇಕೆಂದು ತೋರಿಸಿದೆ. ಅವರು ಕಲ್ಲಿನ ಮೇಲೆ ಎರಡೂ ಪಾದ ಜೋಡಿಸಿ, ಎರಡೂ ಕೈಯಲ್ಲಿ ಅದನ್ನು ಎದೆಯ ಮುಂದೆ ಹಿಡಿದು, ಬಿಸಿಲಿಗೆ ಕಣ್ಣು ಮುಚ್ಚಿಕೊಂಡು ನಿಂತರು.